ಬ್ಯಾಂಕರ್: ಒಂದು ರೈಲ್ವೆ ಪದದ ಕಥೆ

ಬ್ಯಾಂಕರ್ ಎಂದರೆ ಹಣದ ವ್ಯವಹಾರ ನಡೆಸುವವರೆಂದು ಎಲ್ಲರೂ ಬಲ್ಲರು. ರೈಲ್ವೆಯಲ್ಲಿ ಇದರ ಅರ್ಥವೇ ಬೇರೆ: ಏರು ಹತ್ತುವ ಗಾಡಿಯನ್ನು ಹಿಂದಿನಿಂದ ತಳ್ಳುವ ಎಂಜಿನ್. ಇಂಗ್ಲಿಷಿನ 'ಬ್ಯಾಂಕ್' ಪದಕ್ಕೆ, ಗೊರೂರಿನವರು ಬಲ್ಲ ಹೇಮಾವತಿಯ ದಂಡೆಯಂಥ ನದಿದಂಡೆ ಎಂಬ ಅರ್ಥವಿರುವಂತೆ, ಏರು ಎಂಬ ಅರ್ಥವೂ ಉಂಟು. ರೈಲ್ವೆಯವರು ಆರಿಸಿಕೊಂಡದ್ದು ಈ ಎರಡನೆಯದನ್ನು.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಉತ್ತಮ ನಿದರ್ಶನವಿದೆ. 1979ರಲ್ಲಿ ಪೂರ್ಣಗೊಂಡ ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗ 1996ರಲ್ಲಿ ಗೇಜ್ ಪರಿವರ್ತನೆಗಾಗಿ ಮುಚ್ಚಿತು. 2007ರ ಡಿಸೆಂಬರಿನಲ್ಲಿ ಪ್ರಯಾಣಿಕರಿಗೆ ಮತ್ತೆ ತೆರೆಯಿತು. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರಕ್ಕೆ 55 ಕಿ.ಮೀ. ಘಟ್ಟ, 57 ಸುರಂಗ, 109 ಸೇತುವೆ. 50 ಮೀಟರ್ ಸಾಗಿದರೆ 1 ಮೀಟರ್ ಏರು. ಇಂಥಲ್ಲಿ ಇಡೀ ಭಾರವನ್ನು ಮುಂದಿನಿಂದಲೇ ಎಳೆದರೆ ಬೋಗಿಗಳ ಕೊಂಡಿ ತುಂಡಾಗಿ ಗಾಡಿ ಹಿಂದಕ್ಕೆ ಜಾರುವ ಅಪಾಯವಿದೆ. ಹಿಂದಿನ ತಳ್ಳು ಆ ಸೆಳೆತವನ್ನು ತಗ್ಗಿಸುತ್ತದೆ.

ಪದ ಯಂತ್ರಕ್ಕಷ್ಟೇ ನಿಲ್ಲಲಿಲ್ಲ. ಅದನ್ನು ನಡೆಸುವವರೂ ಬ್ಯಾಂಕರ್ ಸಿಬ್ಬಂದಿ ಎನಿಸಿಕೊಂಡರು. ಅವರಿಗೆ ಮುಂದಿನ ಹಳಿ ಕಾಣದು. ಮುಂದಿನ ಚಾಲಕರು ಹೊರಡುವ ಮುನ್ನ ಒಂದು ಗಿಡ್ಡ ಸೀಟಿ ಊದುತ್ತಾರೆ. ಹಿಂದಿನವರು ಅದೇ ಸೀಟಿಯಿಂದ ಉತ್ತರಿಸುತ್ತಾರೆ. ಇಬ್ಬರೂ ಒಪ್ಪಿದ ಮೇಲೆಯೇ ಗಾಡಿ ಕದಲುವುದು.

ಘಟ್ಟ ಹತ್ತಿದ ಮೇಲೆ ಬ್ಯಾಂಕರ್ ಕಳಚಿಕೊಳ್ಳುತ್ತದೆ. ಹಾಸನದ ಪ್ಲಾಟ್‌ಫಾರಂನಲ್ಲಿ ನಿಂತು ನೋಡುವವರಿಗೆ ಕಾಣುವುದು ಮುಂದಿನ ಎಂಜಿನ್ ಮಾತ್ರ.