ಪತ್ರ ತಲಪದ ದಿನಗಳಲ್ಲಿ

1930ರ ಅಕ್ಟೋಬರಿನಲ್ಲಿ ನೈನಿ ಸೆರೆಮನೆಯಿಂದ ಜವಾಹರಲಾಲ ನೆಹರೂ ಅವರು ಮಗಳು ಇಂದಿರೆಗೆ ಹುಟ್ಟುಹಬ್ಬದ ಪತ್ರವೊಂದನ್ನು ಬರೆದರು. ಅಲ್ಲಿಂದ 1933ರ ಆಗಸ್ಟಿನವರೆಗೆ ಬರೆದ 196 ಪತ್ರಗಳು ಮುಂದೆ ಜಗತ್ತಿನ ಚರಿತ್ರೆಯನ್ನು ಹೇಳುವ ಹೆಸರಾಂತ ಗ್ರಂಥವಾದವು. ನಾನೂ ಅದನ್ನು ಮೆಚ್ಚಿ ಓದಿದವನೇ. ಆದರೆ ಅವುಗಳಲ್ಲಿ ಅನೇಕ ಪತ್ರಗಳು ಬರೆದ ಕಾಲಕ್ಕೆ ಮಗಳ ಕೈ ಸೇರಲೇ ಇಲ್ಲವೆಂಬುದನ್ನು ನಾನು ಗಮನಿಸಿದ್ದು ತಡವಾಗಿ. ಸೆರೆಯಾಳು ಕಳುಹಿಸಬಹುದಾದ ಪತ್ರಗಳಿಗೆ ಮಿತಿಯಿತ್ತು. ಬಂಧುಗಳಿಗೆ ಸೆರೆಮನೆಯಲ್ಲಿ ಅವಮಾನವಾದಾಗ ನೆಹರೂ ಸುಮಾರು ಏಳು ತಿಂಗಳು ಯಾರ ಭೇಟಿಯನ್ನೂ ಸ್ವೀಕರಿಸಲಿಲ್ಲ.

ಹಾಗಾದರೆ ಆ ದಿನಗಳಲ್ಲಿ ಬಾಲಕಿಗೆ ಆಸರೆಯಾದವರು ಯಾರು? ಪುಣೆಯ ಒಂದು ಚಿಕ್ಕ ಶಾಲೆ. ಜಹಾಂಗೀರ್ ವಕೀಲ್ ಮತ್ತು ಕುಂವರ್‌ಬಾಯಿ ದಂಪತಿಗಳು ನಡೆಸುತ್ತಿದ್ದ 'ಪ್ಯೂಪಿಲ್ಸ್ ಓನ್ ಸ್ಕೂಲ್' ಅದರ ಹೆಸರು. 1931ರಲ್ಲಿ ಇಂದಿರೆ ಅಲ್ಲಿಗೆ ಸೇರಿದಳು. 1932ರಲ್ಲಿ ಸೋದರತ್ತೆ ವಿಜಯಲಕ್ಷ್ಮಿ ಪಂಡಿತರೂ ಅವರ ಪತಿಯೂ ಸೆರೆಯಾದಾಗ ಅವರ ಪುಟ್ಟ ಹೆಣ್ಣುಮಕ್ಕಳೂ ಅಲ್ಲಿಗೇ ಬಂದರು. ಪಾಠ, ಊಟ, ನಿದ್ರೆ, ಎಲ್ಲಕ್ಕೂ ಅಲ್ಲಿ ಹೊತ್ತುಗೊತ್ತುಗಳಿದ್ದವು. ಅಳುವ ಕಿರಿಯರಿಗೆ ಅಕ್ಕನ ಮಡಿಲಿತ್ತು. ಪತ್ರಗಳು ಪುಸ್ತಕವಾಗಿ ಉಳಿದವು. ಶಾಲೆಯ ಈ ಆರೈಕೆ ಮಾತ್ರ ಚರಿತ್ರೆಯ ಅಂಚಿಗೆ ಸರಿಯಿತು.

ಆ ಮಕ್ಕಳಿಗೆ ತಂದೆತಾಯಿಯರ ಸೆರೆವಾಸ ಹೆಮ್ಮೆಯ ಸಂಗತಿಯಾಗಿತ್ತು, ನಿಜ. ಕಳವಿಗೋ ಕೊಲೆಗೋ ಸೆರೆಯಾದವನ ಮಗುವಿಗೆ ಆ ಹೆಮ್ಮೆಯಿಲ್ಲ. ತಂದೆಯ ಅಗಲಿಕೆಯ ಜೊತೆಗೆ ನಾಚಿಕೆಯನ್ನೂ ಅದು ಹೊರಬೇಕು. ಆದುದರಿಂದಲೇ ಅದಕ್ಕೆ ಶಾಲೆಯ ಆಸರೆ ಇನ್ನೂ ಹೆಚ್ಚು ಬೇಕು.

2006ರ ಏಪ್ರಿಲ್ 13ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಸೆರೆಯಲ್ಲಿರುವ ತಾಯಂದಿರ ಮಕ್ಕಳ ಬಗ್ಗೆ ಮಹತ್ತ್ವದ ತೀರ್ಪನ್ನಿತ್ತಿತು. ಮಗು ಆರು ವರ್ಷದವರೆಗೆ ತಾಯಿಯೊಡನೆ ಇರಬಹುದು. ಆಮೇಲೆ ತಾಯಿಯ ಇಚ್ಛೆಯಂತೆ ತಕ್ಕವರ ವಶಕ್ಕೋ ಸಮಾಜಕಲ್ಯಾಣ ಇಲಾಖೆಯ ಸಂಸ್ಥೆಗೋ ಅದನ್ನು ಒಪ್ಪಿಸಬೇಕು. ಆರು ವರ್ಷವೆಂದರೆ ಶಾಲೆಗೆ ಸೇರುವ ವಯಸ್ಸು. ತಾಯಿಯ ಕೈ ಬಿಟ್ಟ ಮಗು ಹಿಡಿಯುವುದು ಉಪಾಧ್ಯಾಯರ ಕೈಯನ್ನು.

ಉಪಾಧ್ಯಾಯರಿಂದ ಬೇಕಾದುದು ದೊಡ್ಡ ತ್ಯಾಗವೇನಲ್ಲ. ತುಂಬಿದ ತರಗತಿಯಲ್ಲಿ "ನಿಮ್ಮಪ್ಪ ಎಲ್ಲಿದ್ದಾರೆ?" ಎಂದು ಕೇಳದಿರುವುದು, ಸೆರೆಮನೆಯ ಭೇಟಿಗೆ ಹೋದ ದಿನದ ಗೈರುಹಾಜರಿಗೆ ಗದರದಿರುವುದು, ಅಂಕಪಟ್ಟಿಗೆ ಸಹಿ ಹಾಕುವವರಾರೆಂದು ಮೊದಲೇ ಗುಟ್ಟಾಗಿ ತಿಳಿದಿರುವುದು, ಗೆಳೆಯರು ಹಂಗಿಸಿದಾಗ ಮಗುವಿನ ಪಕ್ಕದಲ್ಲಿ ನಿಲ್ಲುವುದು. ಅಪರಾಧವನ್ನು ಅಳೆಯಲು ನ್ಯಾಯಾಲಯವಿದೆ. ಹಾಜರಿ ಕರೆದಾಗ ಆ ಮಗುವಿನ ಹೆಸರೂ ಉಳಿದವರ ಹೆಸರಿನಂತೆಯೇ ಕೇಳಿಸಬೇಕು. ಶಾಲೆ ನೀಡಬಹುದಾದ ನ್ಯಾಯ ಅದು.