ಪೋಚಿಕಬ್ಬೆ: ಮಗನ ಶಾಸನಗಳಲ್ಲಿ ಉಳಿದ ತಾಯಿ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿನ ಬಸದಿಗಳಲ್ಲಿ ಗಾತ್ರದಿಂದ ಬಹು ದೊಡ್ಡದು ಕತ್ತಲೆ ಬಸದಿ. ಗರ್ಭಗೃಹವನ್ನು ಸುತ್ತಿ ಬರಲು ಒಳಗೇ ಪ್ರದಕ್ಷಿಣಾಪಥವಿರುವುದು ಆ ಬೆಟ್ಟದಲ್ಲಿ ಇದೊಂದಕ್ಕೆ ಮಾತ್ರ. ಮುಂಭಾಗದ ಮುಚ್ಚಿದ ಕೈಸಾಲೆ ಬೆಳಕನ್ನು ತಡೆಯುತ್ತಿದ್ದುದರಿಂದ ಜನರು ಇಟ್ಟ ಹೆಸರು ‘ಕತ್ತಲೆ’. ಒಳಗಿರುವ ಆದಿನಾಥ ಮೂರ್ತಿಯ ಪೀಠದ ಶಾಸನವಾದರೋ ಬೇರೊಂದು ಹೆಸರನ್ನು ನೆನೆಯುತ್ತದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತನ್ನ ತಾಯಿ ಪೋಚವ್ವೆಗೆಂದು ಮಾಡಿಸಿದ ಬಸದಿ ಇದು ಎಂಬುದು ಅದರ ಸಾರ.

ಗಂಗರಾಜನು ಇತಿಹಾಸಕ್ಕೆ ಚೆನ್ನಾಗಿ ಪರಿಚಿತನಾದವನು. 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದು ವಿಷ್ಣುವರ್ಧನನಿಗೆ ಒಪ್ಪಿಸಿದವನು. ದೊಡ್ಡಬೆಟ್ಟದ ಗೊಮ್ಮಟೇಶ್ವರನಿಗೆ ಸುತ್ತಾಲಯವನ್ನು ಕಟ್ಟಿಸಿದವನು. ಜೀರ್ಣಗೊಂಡ ಅನೇಕ ಬಸದಿಗಳನ್ನು ಉದ್ಧರಿಸಿದವನು. ಚಾವುಂಡರಾಯನ ಜೊತೆಗೆ ಅವನನ್ನು ಹೆಸರಿಸುವುದು ವಾಡಿಕೆ. ಅವನ ತಾಯಿಯನ್ನು ಕುರಿತು ಪ್ರತ್ಯೇಕವಾಗಿ ಬರೆದವರು ವಿರಳ. ಆಕೆಯ ಬದುಕಿನ ಆಧಾರಗಳೆಲ್ಲ ಚಂದ್ರಗಿರಿಯ ಕೆಲವು ಶಾಸನಗಳಲ್ಲಿ ಚದುರಿವೆ. ಅವುಗಳಲ್ಲಿ ಹೆಸರೂ ಒಂದೇ ಆಗಿಲ್ಲ. ಪೀಠದ ಶಾಸನದಲ್ಲಿ ಪೋಚವ್ವೆ, ದಾನಶಾಸನದಲ್ಲಿ ಪೋಚಲದೇವಿ, ನಿಸಿದಿಗೆಯ ಶಾಸನದಲ್ಲಿ ಪೋಚಿಕಬ್ಬೆ. ‘ಅವ್ವೆ’ ಎಂಬಲ್ಲಿ ಮನೆಯ ಕರೆಯಿದೆ. ‘ದೇವಿ’ ಎಂಬಲ್ಲಿ ದಂಡನಾಯಕನ ತಾಯಿಗೆ ಸಲ್ಲುವ ಮರ್ಯಾದೆಯಿದೆ. ಒಬ್ಬಳೇ ಹೆಂಗಸು ಮನೆಯಲ್ಲಿಯೂ ಅರಸುಸಭೆಯ ಅಂಚಿನಲ್ಲಿಯೂ ಹೇಗೆ ಕಂಡಳೆಂಬುದಕ್ಕೆ ಈ ಹೆಸರುಗಳೇ ಸಾಕ್ಷಿ.

ಪೋಚಿಕಬ್ಬೆ ಸೊಸೆಯಾಗಿ ಬಂದದ್ದು ಕೌಂಡಿನ್ಯ ಗೋತ್ರದ ಜೈನ ಮನೆತನಕ್ಕೆ. ಮಾರ ಮತ್ತು ಮಾಕಣಬ್ಬೆಯರ ಮಗ ಏಚಿರಾಜ ಆಕೆಯ ಪತಿ. ‘ಬುಧಮಿತ್ರ’, ಅಂದರೆ ವಿದ್ವಾಂಸರ ಗೆಳೆಯ, ಎಂಬುದು ಅವನಿಗಿದ್ದ ಬಿರುದು. ಆಕೆಯ ತವರಿನ ಮಾತು ಈ ವಂಶಾವಳಿಯಲ್ಲಿ ಹಿನ್ನೆಲೆಗೆ ಸರಿಯುತ್ತದೆ. ಮಧ್ಯಕಾಲದ ಶಾಸನಗಳ ರೀತಿಯೇ ಅದು: ಹೆಣ್ಣನ್ನು ಮೊದಲು ಇಂಥವನ ಮಡದಿಯೆಂದು, ಆಮೇಲೆ ಇಂಥವನ ತಾಯಿಯೆಂದು ಗುರುತಿಸುವುದು. ಆದರೂ ಮಾಕಣಬ್ಬೆಯ ಹೆಸರು ಮಾರನ ಹೆಸರಿನೊಡನೆ ಉಳಿದಿರುವುದನ್ನು ಗಮನಿಸಬೇಕು. ಈ ಮನೆಯ ನೆನಪಿನಲ್ಲಿ ತಾಯಂದಿರಿಗೆ ಸ್ಥಾನವಿತ್ತು.

ಕತ್ತಲೆ ಬಸದಿಯನ್ನು ಕಟ್ಟಿಸಿದವರು ಯಾರು? ಪೀಠದ ಶಾಸನದ ಪ್ರಕಾರ ಮಗ, ತಾಯಿಗಾಗಿ ಕಟ್ಟಿಸಿದ. 1118ರ ದಾನಶಾಸನದ ಮಾತು ಬೇರೆ. ಗಂಗರಾಜನು ಪರಮ ಎಂಬ ಗ್ರಾಮವನ್ನು ಎರಡು ಜಿನಾಲಯಗಳ ಪೂಜೆಗೆ ಬಿಟ್ಟನೆಂದೂ, ಅವುಗಳಲ್ಲಿ ಒಂದನ್ನು ತಾಯಿ ಪೋಚಲದೇವಿ ತಾನೇ ಬಯಸಿ ಮಾಡಿಸಿದಳೆಂದೂ, ಇನ್ನೊಂದು ಮಡದಿ ಲಕ್ಷ್ಮೀದೇವಿ ಮಾಡಿಸಿದ್ದೆಂದೂ ಅದು ಹೇಳುತ್ತದೆ. ಲಕ್ಷ್ಮೀದೇವಿಯ ಜಿನಾಲಯವು ಇಂದಿನ ಎರಡುಕಟ್ಟೆ ಬಸದಿ. ಪೋಚಲದೇವಿಯದನ್ನು ಕತ್ತಲೆ ಬಸದಿಯೆಂದು ಗ್ರಹಿಸುವುದು ಸಹಜ. ಹಾಗಾದರೆ ಒಂದು ಶಾಸನದಲ್ಲಿ ಆಕೆ ದಾನವನ್ನು ಪಡೆದವಳು, ಇನ್ನೊಂದರಲ್ಲಿ ಕರ್ತೃ. ಇವೆರಡನ್ನು ವಿರೋಧವೆಂದು ಬಗೆಯಬೇಕಿಲ್ಲ. ಸಂಕಲ್ಪ ತಾಯಿಯದು, ಸಂಪತ್ತು ಮಗನದು ಎಂದು ಎರಡೂ ಮಾತುಗಳನ್ನು ಕೂಡಿಸಿ ಓದಬಹುದು. ಪೀಠದ ಶಾಸನವೊಂದನ್ನೇ ನೆಚ್ಚಿದ ಓದಿಗೆ ತಾಯಿಯ ಸಂಕಲ್ಪವು ಕಾಣದೆ ಹೋಗುತ್ತದೆ. ಬಸದಿಯು ಗಂಗರಾಜನ ಕೀರ್ತಿಯ ಪಟ್ಟಿಗೆ ಸೇರಿ, ಪೋಚಿಕಬ್ಬೆ ಕೇವಲ ನಿಮಿತ್ತವಾಗಿ ಉಳಿಯುತ್ತಾಳೆ.

ಪರಮ ಗ್ರಾಮವು ಬಂದ ಬಗೆಯೂ ಸ್ಮರಣೀಯವಾದುದು. ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಸೈನ್ಯದ ಮೇಲೆ ಗಂಗರಾಜನು ರಾತ್ರಿಯಲ್ಲಿ ಎರಗಿ ಗೆದ್ದಾಗ, ಮೆಚ್ಚಿದ ವಿಷ್ಣುವರ್ಧನನು ಬೇಡಿದ್ದನ್ನು ಕೊಡುವೆನೆಂದನು. ಗಂಗರಾಜನು ಬೇಡಿ ಪಡೆದದ್ದು ಈ ಗ್ರಾಮವನ್ನು. ಯುದ್ಧದ ಪಾರಿತೋಷಕವು ಹೀಗೆ ತಾಯಿಯ ಮತ್ತು ಮಡದಿಯ ಜಿನಾಲಯಗಳಿಗೆ ಸಂದಿತು. ಆ ವೇಳೆಗೆ ಪೋಚಿಕಬ್ಬೆ ಬದುಕಿದ್ದಳು ಎಂಬುದು ಇಲ್ಲಿಯ ಮುಖ್ಯ ಸಂಗತಿ. ಕತ್ತಲೆ ಬಸದಿಯನ್ನು ಸ್ಮಾರಕವೆಂದು ಕರೆಯುವುದು ಸುಲಭ. ಅದು ಸ್ಮಾರಕವಾದದ್ದು ಅನಂತರ. ಮೊದಲು ಅದು ಜೀವಂತ ತಾಯಿಯ ಇಚ್ಛೆಗೆ ಮಗ ಕೊಟ್ಟ ಮನ್ನಣೆ.

1120-21ರ ಹೊತ್ತಿಗೆ ಪೋಚಿಕಬ್ಬೆ ಬೆಳಗೊಳದಲ್ಲಿ ಸಲ್ಲೇಖನ ವ್ರತವನ್ನು ಕೈಕೊಂಡು, ಪಂಚನಮಸ್ಕಾರ ಮಂತ್ರವನ್ನು ಉಚ್ಚರಿಸುತ್ತ ದೇಹವನ್ನು ತ್ಯಜಿಸಿದಳು. ಗಂಗರಾಜನು ಆಕೆಯ ನಿಸಿದಿಗೆಯನ್ನು ಮಾಡಿಸಿ ಶಾಸನವನ್ನು ನಿಲ್ಲಿಸಿದನು. ಬೆಳಗೊಳವೇ ಮೊದಲಾದ ತೀರ್ಥಗಳಲ್ಲಿ ಆಕೆ ಚೈತ್ಯಾಲಯಗಳನ್ನು ಮಾಡಿಸಿದುದನ್ನೂ ದಾನಗೈದುದನ್ನೂ ಅದು ಸ್ಮರಿಸುತ್ತದೆ. ಕಟ್ಟಿಸಿದವಳೆಂಬ ಹಕ್ಕನ್ನು ಮಗನೇ ಇಲ್ಲಿ ತಾಯಿಗೆ ಮರಳಿ ಕೊಟ್ಟಂತಾಗಿದೆ. ಶೋಕದ ಮಾತನ್ನು ಇಂಥ ಶಾಸನದಲ್ಲಿ ಹುಡುಕುವುದು ತರವಲ್ಲ. ಜೈನ ದೃಷ್ಟಿಯಲ್ಲಿ ಸಮಾಧಿಮರಣವು ಸಾಧನೆ. ನಿಸಿದಿಗೆಯು ಆ ಸಾಧನೆಯನ್ನು ನಿರೂಪಿಸುವ ಬರಹ. ಸೋಲರಿಯದ ದಂಡನಾಯಕನ ಅಳಲು ಆ ಕಟ್ಟಳೆಯ ಹಿಂದೆ ಮರೆಯಾಗಿದೆ.

ಅವನಿಗೆ ಅಗಲಿಕೆ ಅಲ್ಲಿಗೇ ಮುಗಿಯಲಿಲ್ಲ. ಬಹುಕಾಲ ಕಳೆಯುವ ಮೊದಲೇ ಲಕ್ಷ್ಮೀದೇವಿಯೂ ಸಮಾಧಿಯಿಂದ ಮುಡಿಪಿದಳು. 1123ರಲ್ಲಿ ಗುರು ಶುಭಚಂದ್ರ ಸಿದ್ಧಾಂತದೇವರು ಮುಡಿಪಿದರು. ಮೂವರಿಗೂ ಗಂಗರಾಜನೇ ನಿಸಿದಿಗೆಗಳನ್ನು ಮಾಡಿಸಿದನು. ಕೆಲವೇ ವರ್ಷಗಳಲ್ಲಿ ತಾಯಿ, ಮಡದಿ, ಗುರುಗಳನ್ನು ಕಳೆದುಕೊಂಡವನ ಕಥೆಯನ್ನು ಈ ಮೂರು ಶಾಸನಗಳು ಒಂದೊಂದಾಗಿ ಹೇಳುವುದಿಲ್ಲ. ಒಟ್ಟಿಗೆ ಇಟ್ಟು ಓದಿದಾಗಲೇ ಅದು ತಿಳಿಯುವುದು.

ಪೋಚಿಕಬ್ಬೆಯದು ಒಂಟಿ ನಿದರ್ಶನವಲ್ಲ. ಅದೇ ಬೆಟ್ಟದ ತೇರಿನ ಬಸದಿಯನ್ನು 1117ರಲ್ಲಿ ಮಾಡಿಸಿದವರು ರಾಜಶ್ರೇಷ್ಠಿಗಳಾದ ಪೊಯ್ಸಳಸೆಟ್ಟಿ ಮತ್ತು ನೇಮಿಸೆಟ್ಟಿಯರ ತಾಯಂದಿರು, ಮಾಚಿಕಬ್ಬೆ ಮತ್ತು ಶಾಂತಿಕಬ್ಬೆ. ದಂಡನಾಯಕರ ಮನೆಯಲ್ಲಿಯೂ ವರ್ತಕರ ಮನೆಯಲ್ಲಿಯೂ ಹಿರಿಯ ಹೆಂಗಸರು ಮಕ್ಕಳ ಗಳಿಕೆಯನ್ನು ಧರ್ಮಕಾರ್ಯದತ್ತ ತಿರುಗಿಸುತ್ತಿದ್ದರೆಂದು ಇವುಗಳಿಂದ ತಿಳಿಯುತ್ತದೆ.

ತಾಯಿಯನ್ನು ನೆನೆದ ಮಗನಿಗೆ ತನ್ನ ಮಗನಿಂದ ಅದೇ ಸಂದಿತು. ಗಂಗರಾಜನು ತೀರಿಕೊಂಡ ಮೇಲೆ ಅವನ ಮಗ ಬೊಪ್ಪನು ದೋರಸಮುದ್ರದಲ್ಲಿ ಪಾರ್ಶ್ವನಾಥನ ಬಸದಿಯನ್ನು ಕಟ್ಟಿಸಿದನು. 1133ರಲ್ಲಿ ಪ್ರತಿಷ್ಠೆಗೊಂಡ ಅದಕ್ಕೆ ತಂದೆಯ ಬಿರುದಾದ ‘ದ್ರೋಹಘರಟ್ಟ’ ಎಂಬುದರಿಂದಲೇ ಹೆಸರಾಯಿತು. ಹಳೇಬೀಡಿನ ವಿಜಯ ಪಾರ್ಶ್ವನಾಥ ಬಸದಿ ಅದೇ. ಅತ್ತ ಕತ್ತಲೆ ಬಸದಿಯ ಮುಖಮಂಟಪವು ಜೀರ್ಣವಾದಾಗ, 19ನೆಯ ಶತಮಾನದಲ್ಲಿ ಅದನ್ನು ಸರಿಪಡಿಸಿದವರು ಮೈಸೂರು ಅರಸುಮನೆತನದ ದೇವೀರಮ್ಮಣ್ಣಿ ಮತ್ತು ಕೆಂಪಮ್ಮಣ್ಣಿಯರೆಂದು ಹೇಳುತ್ತಾರೆ. ಪೋಚವ್ವೆಯ ಬಸದಿಯನ್ನು ಏಳು ಶತಮಾನಗಳ ತರುವಾಯ ಮತ್ತೆ ಎತ್ತಿ ನಿಲ್ಲಿಸಿದವರೂ ಹೆಂಗಸರೇ.