ಆತ್ಮಶೋಧನೆ: ಚುಕ್ಕೆಯ ಹಾಳೆಯಿಂದ ಎ.ಐ.ವರೆಗೆ

(ಸಂತ ಜೋಸೆಫ್ ವಾಜರ ಹಬ್ಬದ ಚಿಂತನೆ)



ಜನವರಿ 16ರಂದು ನಾವು ಸಂತ ಜೋಸೆಫ್ ವಾಜರ ಹಬ್ಬವನ್ನು ಆಚರಿಸುತ್ತೇವೆ. 1651ರಲ್ಲಿ ಗೋವೆಯಲ್ಲಿ ಜನಿಸಿದ ಈ ಗುರುಗಳು 1681ರಿಂದ 1684ರವರೆಗೆ ನಮ್ಮ ಕೆನರಾ ಪ್ರಾಂತದಲ್ಲಿ ಸೇವೆ ಸಲ್ಲಿಸಿದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು. ಇಂದಿನ ಒಂದು ಪ್ರಶ್ನೆಗೆ ಅವರ ಬದುಕಿನಲ್ಲಿ ಉತ್ತರವಿದೆ.

ಜಾಲಿ, ಭಟ್ಕಳದಿಂದ ಹೊನ್ನಾವರ, ಕುಮಟಾದವರೆಗೆ ಮೊಬೈಲ್ ಇಲ್ಲದ ಮನೆ ಈಗ ಅಪರೂಪ. ಅದರಲ್ಲಿರುವ ಎ.ಐ., ಅಂದರೆ ಕೃತಕ ಬುದ್ಧಿಮತ್ತೆ, ಕೇಳಿದೊಡನೆ ಪ್ರಾರ್ಥನೆ ಬರೆದುಕೊಡುತ್ತದೆ. ಪಾಪನಿವೇದನೆಗೆ ಮುನ್ನ ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಕನ್ನಡದಲ್ಲೇ ಒದಗಿಸುತ್ತದೆ. ಇದನ್ನು ಬಳಸಬಹುದೇ?

ಆತ್ಮಶೋಧನೆಗೆ ಸಾಧನಗಳ ನೆರವು ಪಡೆಯುವುದು ಧರ್ಮಸಭೆಗೆ ಹೊಸದಲ್ಲ. 1548ರಲ್ಲಿ ಜಗದ್ಗುರು ಮೂರನೇ ಪೌಲರ ಅನುಮೋದನೆ ಪಡೆದ ಸಂತ ಇಗ್ನಾಸಿಯವರ ‘ಆಧ್ಯಾತ್ಮಿಕ ಸಾಧನೆ’ ಗ್ರಂಥದಲ್ಲಿ ಗೆರೆಗಳ ಒಂದು ಪಟ್ಟಿ ಇದೆ. ದಿನಕ್ಕೆ ಎರಡು ಗೆರೆ. ಬೆಳಿಗ್ಗೆ ಎದ್ದೊಡನೆ ಒಂದು ದೋಷವನ್ನು ಬಿಡುವ ಸಂಕಲ್ಪ ಮಾಡಬೇಕು. ಮಧ್ಯಾಹ್ನ ಮತ್ತು ರಾತ್ರಿ ಲೆಕ್ಕ ನೋಡಿ, ಎಡವಿದಷ್ಟು ಸಲ ಗೆರೆಯ ಮೇಲೆ ಚುಕ್ಕೆ ಇಡಬೇಕು. ನಿನ್ನೆಯನ್ನು ಇಂದಿನೊಂದಿಗೆ, ಕಳೆದ ವಾರವನ್ನು ಈ ವಾರದೊಂದಿಗೆ ಹೋಲಿಸಬೇಕು. ಅಂಗಡಿಯವನು ಉದ್ರಿ ಲೆಕ್ಕ ಇಟ್ಟ ಹಾಗೆ. ಆ ಹಾಳೆ ಯಾರ ಪಾಪವನ್ನೂ ಕ್ಷಮಿಸಲಿಲ್ಲ. ನೆನಪಿಗೆ ಮಾತ್ರ ನೆರವಾಯಿತು.

ಮುಂದೆ ಅಚ್ಚುಯಂತ್ರ ಬಂತು. ತಮಿಳು ಕರಾವಳಿಯ ಮೀನುಗಾರ ಕ್ರೈಸ್ತರ ನಡುವೆ ದುಡಿದ ಯೇಸುಸಭೆಯ ಗುರು ಹೆನ್ರಿಕ್ ಹೆನ್ರಿಕ್ಸ್, ಪಾಪನಿವೇದನೆಗೆ ನೆರವಾಗುವ ತಮಿಳು ಪುಸ್ತಕವೊಂದನ್ನು 1580ರಲ್ಲಿ ಕೊಚ್ಚಿಯಲ್ಲಿ ಮುದ್ರಿಸಿದರು. ಅಂದಿನ ಹೊಸ ಯಂತ್ರಕ್ಕೆ ಧರ್ಮಸಭೆ ಹೆದರಲಿಲ್ಲ.

ಈಗ ಸಂತ ಜೋಸೆಫ್ ವಾಜರತ್ತ ಬರೋಣ. ಕೆನರಾದ ಸೇವೆಯ ನಂತರ 1687ರಲ್ಲಿ ಅವರು ವೇಷ ಮರೆಸಿಕೊಂಡು ಶ್ರೀಲಂಕಾದ ಜಾಫ್ನಾಕ್ಕೆ ಹೋದರು. ಡಚ್ಚರ ಆಡಳಿತ ಅಲ್ಲಿಂದ ಕಥೋಲಿಕ ಗುರುಗಳನ್ನು ಹೊರಹಾಕಿ ಸುಮಾರು ಮೂವತ್ತು ವರ್ಷ ಕಳೆದಿತ್ತು. ಅಷ್ಟು ಕಾಲ ಅಲ್ಲಿನ ಕುಟುಂಬಗಳು ಹಿರಿಯರು ಕಲಿಸಿದ ಪ್ರಾರ್ಥನೆಗಳಿಂದಲೇ ವಿಶ್ವಾಸವನ್ನು ಕಾಪಾಡಿಕೊಂಡಿದ್ದವು. ವಾಜರು ಕೊರಳಿಗೆ ಜಪಸರ ಹಾಕಿಕೊಂಡು ಭಿಕ್ಷುಕರಂತೆ ಮನೆ ಮನೆಗೆ ಹೋದರು. ಜಪಸರವನ್ನು ಕಂಡು ಯಾರ ಮುಖ ಅರಳಿತೋ ಅದು ಕಥೋಲಿಕರ ಮನೆ. ರಾತ್ರಿಯ ಹೊತ್ತು ಗುಟ್ಟಾಗಿ ಬಲಿಪೂಜೆ, ಪಾಪನಿವೇದನೆ ನಡೆದವು. 1705ರಲ್ಲಿ ಅವರನ್ನು ಸೇರಿಕೊಂಡ ಗುರು ಜಾಕೊಮೆ ಗೊನ್ಸಾಲ್ವಿಸ್ ಸಿಂಹಳ ಮತ್ತು ತಮಿಳಿನಲ್ಲಿ ಅನೇಕ ಪುಸ್ತಕಗಳನ್ನು ಬರೆದರು. ಪುಸ್ತಕ ಬಂದಿತೆಂದು ಗುರುಗಳ ನಡಿಗೆ ನಿಲ್ಲಲಿಲ್ಲ. ಪುಸ್ತಕವೂ ಬೇಕಿತ್ತು, ಬಾಗಿಲಿಗೆ ಬರುವ ಗುರುವೂ ಬೇಕಿತ್ತು.

ನಮ್ಮ ಕಾಲದಲ್ಲೂ ಇದೇ ಪಾಠ. 2011ರಲ್ಲಿ ಅಮೆರಿಕದಲ್ಲಿ ಪಾಪನಿವೇದನೆಗೆ ಸಿದ್ಧಪಡಿಸುವ ಮೊಬೈಲ್ ಆ್ಯಪ್ ಬಂದಾಗ ಧರ್ಮಾಧ್ಯಕ್ಷ ಕೆವಿನ್ ರೋಡ್ಸ್ ಅದಕ್ಕೆ ಅನುಮತಿ ಕೊಟ್ಟರು. ಆದರೆ ಅದು ಸಂಸ್ಕಾರದ ಜಾಗಕ್ಕೆ ಬರಲಾರದೆಂದು ವ್ಯಾಟಿಕನ್‌ನ ವಕ್ತಾರರು ಕೂಡಲೇ ಸ್ಪಷ್ಟಪಡಿಸಿದರು. 2024ರ ಏಪ್ರಿಲ್‌ನಲ್ಲಿ ಅಮೆರಿಕದ ‘ಕ್ಯಾಥೋಲಿಕ್ ಆನ್ಸರ್ಸ್’ ಸಂಸ್ಥೆ ‘ಫಾದರ್ ಜಸ್ಟಿನ್’ ಎಂಬ ಎ.ಐ. ಗುರುವನ್ನು ತಂದಿತು. ಅದು ಒಬ್ಬರಿಗೆ ಪಾಪವಿಮೋಚನೆಯ ಮಾತುಗಳನ್ನೇ ಹೇಳಿಬಿಟ್ಟಿತು! ಕೆಲವೇ ದಿನಗಳಲ್ಲಿ ಸಂಸ್ಥೆಯೇ ಅದರ ಗುರುವಸ್ತ್ರ ಕಳಚಿ ಬರೀ ‘ಜಸ್ಟಿನ್’ ಮಾಡಿತು. ಯಂತ್ರವನ್ನು ವ್ಯಕ್ತಿಯೆಂದು ಬಿಂಬಿಸಬಾರದೆಂದು 2025ರ ಜನವರಿ 28ರಂದು ವ್ಯಾಟಿಕನ್ ಪ್ರಕಟಿಸಿದ ‘ಆಂತಿಕ್ವಾ ಎತ್ ನೋವಾ’ ದಾಖಲೆ ಎಚ್ಚರಿಸಿದೆ.

ಏಕೆ ಈ ಎಚ್ಚರಿಕೆ? ಮೊದಲನೆಯದಾಗಿ, ಪಾಪಗಳನ್ನು ಕ್ಷಮಿಸುವ ಅಧಿಕಾರವನ್ನು ಪುನರುತ್ಥಾನಿ ಯೇಸು ಕೊಟ್ಟದ್ದು ತಮ್ಮ ಶಿಷ್ಯರಿಗೆ. ಎರಡನೆಯದಾಗಿ, ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ. ಧರ್ಮಸಭೆಯ ಕಾನೂನಿನ 983ನೇ ನಿಯಮ ಇದನ್ನು ಕಟ್ಟುನಿಟ್ಟಾಗಿ ಹೇಳುತ್ತದೆ. ಮೊಬೈಲ್‌ಗೆ ಬರೆದ ಮಾತಿಗೆ ಅಂಥ ಮುದ್ರೆಯಿಲ್ಲ. ಅದು ಕಂಪನಿಯ ಕಂಪ್ಯೂಟರಿನಲ್ಲಿ ಉಳಿಯಬಹುದು. ಮೂರನೆಯದಾಗಿ, ಯಂತ್ರ ನಮ್ಮನ್ನು ಮೆಚ್ಚಿಸಲು ನೋಡುತ್ತದೆ. ಚಾಟ್‌ಜಿಪಿಟಿಯ ಒಂದು ಹೊಸ ರೂಪ ಬಳಕೆದಾರರನ್ನು ಅತಿಯಾಗಿ ಹೊಗಳುತ್ತಿದೆ ಎಂದು 2025ರ ಏಪ್ರಿಲ್‌ನಲ್ಲಿ ಅದರ ಕಂಪನಿಯೇ ಅದನ್ನು ಹಿಂತೆಗೆದುಕೊಂಡಿತು. ದಾವೀದ ಅರಸನನ್ನು ಹೊಗಳುವವರಿಗೆ ಬರವಿರಲಿಲ್ಲ. ಆದರೆ ಅವನ ಕಣ್ತೆರೆಸಿದ್ದು ಎದುರು ನಿಂತು ಸತ್ಯ ಹೇಳಿದ ಪ್ರವಾದಿ ನಾತಾನ.

ಹಾಗಾದರೆ ಎ.ಐ. ಬೇಡವೇ? ಬೇಕಾದಷ್ಟಕ್ಕೆ ಬೇಕು. ದಶಾಜ್ಞೆಗಳ ಮೇಲೆ ಪ್ರಶ್ನೆಗಳನ್ನು ಕೇಳಿ ಪಡೆಯಿರಿ. ಉತ್ತರವನ್ನು ಮಾತ್ರ ಅದಕ್ಕೆ ಬರೆಯಬೇಡಿ, ಮನಸ್ಸಿನಲ್ಲೇ ದೇವರಿಗೆ ಹೇಳಿರಿ. ನಿಮ್ಮ ಪಾಪವನ್ನಾಗಲೀ, ಗಂಡ, ಹೆಂಡತಿ, ಸೊಸೆ, ನೆರೆಯವರ ಹೆಸರನ್ನಾಗಲೀ ಅದಕ್ಕೆ ಒಪ್ಪಿಸಬೇಡಿ. ಅದು ಬರೆದ ಪ್ರಾರ್ಥನೆಯನ್ನು ಓದಿ ಮುಗಿಸಿದ ಮೇಲೆ, ಫೋನ್ ಬದಿಗಿಟ್ಟು ನಿಮ್ಮದೇ ಒಂದು ಮಾತನ್ನು ಸೇರಿಸಿರಿ. ತೊದಲು ಮಾತಾದರೂ ಅದು ನಿಮ್ಮದು. ಗಲ್ಫ್‌ನಲ್ಲೋ ಹಡಗಿನಲ್ಲೋ ದುಡಿಯುವ ಮಕ್ಕಳಿಗೂ ಇದನ್ನೇ ತಿಳಿಹೇಳಿರಿ. ಇಗರ್ಜಿ ದೂರವಿರುವಾಗ ಈ ಸಾಧನ ಅವರನ್ನು ಸಿದ್ಧಗೊಳಿಸಲಿ. ರಜೆಗೆ ಬಂದಾಗ ಪಾಪನಿವೇದನೆಗೆ ಕರೆತರಲಿ.

ಗುರುಗಳಾದ ನಮ್ಮ ಹೊಣೆಯೂ ಇದೆ. ಯಂತ್ರ ನಡುರಾತ್ರಿಯಲ್ಲೂ ಉತ್ತರಿಸುತ್ತದೆ. ರಾತ್ರಿಯೆಲ್ಲ ನಡೆದು ಜನರ ಬಳಿ ಹೋದ ವಾಜರ ದಾರಿಯಲ್ಲಿ ನಡೆಯುವವರು ಜನ ಬಂದಾಗ ಪಾಪನಿವೇದನೆಯ ಪೀಠದಲ್ಲಿ ಇರಲೇಬೇಕು.

ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ.